ತಾರಿ ಅಜ್ಜಿ ಬಾಗಿಲಲ್ಲೇ ನಿಂತಳು

ಆ ದಿನ ಬೆಳಿಗ್ಗೆಯೂ ಎಂದಿನ ಹಾಗೆ ಬಚ್ಚಲೊಲೆಗೆ ತೆಂಗಿನ ಸಿಪ್ಪೆ ತುರುಕಿ, ಹಾಲು ಕಾಯಲಿಟ್ಟು, ಅರ್ಧ ಕಡಿದ ಈರುಳ್ಳಿಯಿಂದ ದೋಸೆಕಲ್ಲಿಗೆ ಎಣ್ಣೆ ಸವರಿದೆ. ಮೊದಲ ದೋಸೆ ಕಲ್ಲಿಗೇ ಅಂಟಿತು. ಹೊರಗೆ ಮೀನು ಮಾರುವವಳು ಬುಟ್ಟಿ ಇಳಿಸಿದ ಸದ್ದಾಯಿತು. ಅತ್ತೆ ಮೆಟ್ಟಿಲ ಮೇಲೆ ಕೂತು ಬಂಗಡೆಯೊಂದರ ಕಿವಿರನ್ನು ಉಗುರಿನಿಂದ ಎತ್ತಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿ, "ಇದು ನಿನ್ನೆದು" ಎಂದು ಬುಟ್ಟಿಗೇ ವಾಪಸು ಹಾಕಿದರು. ದಿನಾ ನಡೆಯುವುದೇ. ಹೊಸದೆಂದರೆ ನಡುಮನೆಯಲ್ಲಿ ಹಗ್ಗ ಬಿಗಿಸಿಕೊಂಡು ನಿಂತಿದ್ದ ಎರಡು ಚೀಲಗಳು. ಒಂದರಲ್ಲಿ ಅತ್ತೆಯ ಸೀರೆಗಳು, ಇನ್ನೊಂದರಲ್ಲಿ ಪೇಪರು ಸುತ್ತಿ, ಪ್ಲಾಸ್ಟಿಕ್ಕು ಸುತ್ತಿ, ಮೇಲೆ ಹಳೆಯ ಪಂಚೆಯನ್ನೂ ಸುತ್ತಿದ ಒಣಮೀನು.

ಮಧ್ಯಾಹ್ನದ ರೈಲಿಗೆ ಅತ್ತೆ ಠಾಣೆ ಶಹರದಲ್ಲಿರುವ ನನ್ನ ಭಾವನ ಮನೆಗೆ ಹೊರಟಿದ್ದರು. ಅಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಮಳೆಗಾಲ ಕಳೆದು, ಚೌತಿ ಮುಗಿಸಿಕೊಂಡೇ ಬರುವುದು. ಕರೆದುಕೊಂಡು ಹೋಗಲು ನಮ್ಮ ಮನೆಯವರು ಕಚೇರಿಗೆ ರಜೆ ಹಾಕಿದ್ದರು.

ಅತ್ತೆ ಒಳಗೆ ಬಂದು ಸೆರಗಿಗೆ ಕೈ ಒರೆಸಿಕೊಂಡರು.

"ದೋಸೆ ಆಮೇಲೆ ಹಾಕೂದಾಯ್ತು. ಮೊದ್ಲು ಆ ಮುದುಕಿನ ಮನೆಗೆ ಮುಟ್ಟಿಸು. ನಾನು ನೋಡ್ಕಂಡೇ ಹೋಗೂದು."

ಮುದುಕಿ ಇದ್ದದ್ದು ಕಂಪ್ಯೂಟರಿನೊಳಗೆ.

ಕಂಪ್ಯೂಟರು ಮಗಳದು. ಅವಳು ಹುಬ್ಬಳ್ಳಿಯ ಹಾಸ್ಟೆಲ್ಲಿಗೆ ಹೋದ ಮೇಲೆ ಮೇಜಿನ ಖಾನೆಯಲ್ಲಿ ಆಟದ ಸಿ.ಡಿ.ಯೊಂದು ಸಿಕ್ಕಿತ್ತು. ಕತ್ತಿ, ಮಂತ್ರ, ರಾಕ್ಷಸರು, ಶಾಪ ಹತ್ತಿದ ರಾಜ್ಯ. ಇಷ್ಟು ದಿನ ಇವಳು ಓದು ಬಿಟ್ಟು ಏನು ನೋಡುತ್ತಿದ್ದಳು ಎಂದು ಪತ್ತೆ ಮಾಡಲು ಹಾಕಿದ್ದು ನಾನು. ಸೊಸೆ ಒಬ್ಬಳೇ ಕೂತು ಏನು ಮಾಡುತ್ತಿದ್ದಾಳೆ ಎಂದು ಪತ್ತೆ ಮಾಡಲು ಬಂದವರು ಅತ್ತೆ. ದೀಪಾವಳಿ ಮುಗಿದ ಹೊಸದರಲ್ಲಿ ಶುರುವಾದದ್ದು ಬೇಸಿಗೆಯವರೆಗೂ ನಡೆಯಿತು. ನಾನು ಮೌಸ್ ಹಿಡಿಯುವುದು, ಅವರು ಸ್ಟೂಲು ಎಳೆದುಕೊಂಡು ಪರದೆಗೆ ಮುಖ ಹಚ್ಚಿ ಕೂರುವುದು. ಆಟದೊಳಗಿನವರು ಆಡುವ ಇಂಗ್ಲಿಷನ್ನು ನಾನು ಕನ್ನಡ ಮಾಡಿ ಹೇಳಬೇಕು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷು ಇಂಥ ಉಪಯೋಗಕ್ಕೆ ಬರುತ್ತದೆಂದು ಅವರೂ ಎಣಿಸಿರಲಿಕ್ಕಿಲ್ಲ.

ಆಟದ ಮೊದಲಲ್ಲಿ ಒಬ್ಬ ಮುದುಕಿ ನಮ್ಮ ಯೋಧೆಯನ್ನು, ಅಂದರೆ ಮೌಸಿನಿಂದ ನಾನು ನಡೆಸುವ ಹೆಂಗಸನ್ನು, ದೋಣಿಯಲ್ಲಿ ಹೊಳೆ ದಾಟಿಸುತ್ತಾಳೆ. ಬಾಡಿಗೆ ಬೇಡ ಎನ್ನುತ್ತಾಳೆ. "ಈ ಹೊಳೆ ಸಮುದ್ರ ಸೇರುವಲ್ಲಿ ನನ್ನ ಊರು. ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ನೀನು ಆ ಕಡೆ ಹೋಗುವವಳಾದರೆ ನನ್ನನ್ನೂ ಮುಟ್ಟಿಸು." ನಮ್ಮ ಕಡೆ ಹೊಳೆ ದಾಟಿಸುವ ದೋಣಿಗೆ ತಾರಿ ಎನ್ನುತ್ತಾರೆ. ಅತ್ತೆ ಅವಳಿಗೆ ಆವತ್ತೇ ತಾರಿ ಅಜ್ಜಿ ಎಂದು ಹೆಸರಿಟ್ಟರು.

ಅತ್ತೆಯ ಅಪ್ಪನೂ ತಾರಿ ನಡೆಸಿದವರು. ಅವರ ತವರಿನ ಊರು ಕಾರವಾರ-ಅಂಕೋಲೆಯ ನಡುವೆ, ಕಡಲ ಪಕ್ಕದಲ್ಲಿ ಇತ್ತು. ಈಗ ನೌಕಾನೆಲೆಯ ಗೋಡೆಯ ಒಳಗಿದೆ; ಪಾಸಿಲ್ಲದೆ ಯಾರನ್ನೂ ಬಿಡುವುದಿಲ್ಲ. ಅಂಕೋಲೆಗೆ ಹೋಗುವಾಗ ಬಸ್ಸು ಆ ಜಾಗಕ್ಕೆ ಬಂದರೆ ಅತ್ತೆ ಮಾತು ನಿಲ್ಲಿಸುತ್ತಾರೆ. ದಾಟಿದ ಮೇಲೆ, ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತಾರೆ.

ಹಾಗಾಗಿ ನಮಗೆ ಶಾಪದ ರಾಜ್ಯ ಏನಾದರೂ ಆಗಲಿ, ತಾರಿ ಅಜ್ಜಿ ಮನೆ ಮುಟ್ಟಬೇಕಿತ್ತು. ಮತ್ತು ಅತ್ತೆ ರೈಲು ಹತ್ತುವ ಮೊದಲು ಅದನ್ನು ತಮ್ಮ ಕಣ್ಣಿನಿಂದ ನೋಡಬೇಕಿತ್ತು. ಅದು ನಾನು ಕೊಟ್ಟ ಮಾತು.

ಈ ಆಟ ಮಾಡಿದವರ ಮೇಲೆ ನನಗಿರುವ ಸಿಟ್ಟು ಆವತ್ತಿನದಲ್ಲ, ಅದಕ್ಕೂ ಹಿಂದಿನದು. ಅವರ ಊರಿನಲ್ಲಿ ಕರೆಂಟು ಹೋಗುವುದಿಲ್ಲವೆಂದು ಕಾಣುತ್ತದೆ. ಆಡಿದ್ದನ್ನು ಬೇಕೆಂದಲ್ಲಿ ಸೇವ್ ಮಾಡಲು ಬಿಡುವುದಿಲ್ಲ. ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಕಲ್ಲಿನ ದೀಪಗಂಬ ಇರುತ್ತದೆ. ಅಲ್ಲಿ ಹೋಗಿ ಮಂಡಿಯೂರಿದರೆ ಮಾತ್ರ ಸೇವ್. ಅದಕ್ಕೂ ಮೂರೇ ಜಾಗ. ಇನ್ನೊಂದು ಬೇಕಾದರೆ ಹಳೆಯದೊಂದನ್ನು ಅಳಿಸಬೇಕು. ಅವರ ಮನೆಯಲ್ಲಿ ಅಡುಗೆಯೂ ಆಗುವುದಿಲ್ಲವೇನೋ. ಯಾರಾದರೂ ಮಾತು ಶುರು ಮಾಡಿದರೆ ಮುಗಿಯುವ ತನಕ ನಿಲ್ಲಿಸುವ ಹಾಗಿಲ್ಲ, ಮತ್ತೊಮ್ಮೆ ಕೇಳುವ ಹಾಗೂ ಇಲ್ಲ. ಒಮ್ಮೆ ಕುಕ್ಕರು ಕೂಗಿದಾಗ ಮಂತ್ರಿಯೊಬ್ಬ ರಾಜ್ಯದ ನಿಜವಾದ ಶತ್ರುವಿನ ಹೆಸರು ಹೇಳುವುದರಲ್ಲಿದ್ದ. ಒಲೆ ಆರಿಸಿ ಬರುವಷ್ಟರಲ್ಲಿ ಮಂತ್ರಿ ಸತ್ತುಬಿದ್ದಿದ್ದ. ಶತ್ರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಚೀಲದ ಕಥೆ ಬೇರೆ. ಅದರಲ್ಲಿ ಸೂಜಿಗೂ ಒಂದು ಖಾನೆ, ಗುರಾಣಿಗೂ ಒಂದು ಖಾನೆ. ಮನೆಯಲ್ಲಿ ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಲೋಟ, ಲೋಟದೊಳಗೆ ಚಮಚ ಇಟ್ಟು ಬೆಳೆದವರಿಗೆ ಇದನ್ನು ನೋಡಿದರೆ ಮೈ ಉರಿಯುತ್ತದೆ. ಇನ್ನು ಯೋಧೆಯ ಕವಚ. ಅದನ್ನು ಮೊದಲ ಸಲ ನೋಡಿದಾಗ ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಭುಜಕ್ಕೆ ಕಬ್ಬಿಣ, ಮೊಣಕಾಲಿಗೆ ಕಬ್ಬಿಣ. ಹೊಟ್ಟೆ ಖುಲ್ಲಾ. ಬಾಣ ಬಿಡೂರು ಎಲ್ಲಿಗೆ ಬಿಡ್ತಾರೆ, ಮೊಣಕಾಲಿಗಾ?"

ದೊಡ್ಡ ಜಗಳ ಮಾತ್ರ ಮನೆಗಳದು. ಆ ರಾಜ್ಯದಲ್ಲಿ ಕದ ತಟ್ಟದೆ ಯಾರ ಮನೆಗೂ ನುಗ್ಗಬಹುದು. ಅಡುಗೆಮನೆಗೆ ಹೋಗಿ ಮಡಕೆ ತಡಕಿ ನಾಣ್ಯ ತೆಗೆಯಬಹುದು. ಮನೆಯೊಡತಿ ಪಕ್ಕದಲ್ಲೇ ನಿಂತು "ಇವತ್ತು ಹವೆ ಚೆನ್ನಾಗಿದೆ" ಎನ್ನುತ್ತಾಳೆ. ಊಟ ಆಯ್ತಾ ಎಂದು ಕೇಳುವುದೂ ಇಲ್ಲ, ಕಳ್ಳಿ ಎಂದು ಕೂಗುವುದೂ ಇಲ್ಲ. ನಾನು ಮೊದಲ ಸಲ ಒಂದು ಮಡಕೆಯ ಮೇಲೆ ಮೌಸ್ ಒತ್ತಲು ಹೋದಾಗ ಅತ್ತೆ ನನ್ನ ಕೈಗೇ ಹೊಡೆದರು. "ನಾವು ಕದಿಯೂಕೆ ಹೊರಟಿದ್ದಾ, ಅಜ್ಜಿನ ಮುಟ್ಟಿಸೂಕೆ ಹೊರಟಿದ್ದಾ?" ಆಮೇಲೆ ನಾವು ಯಾರ ಮನೆಯ ಏನನ್ನೂ ಮುಟ್ಟಲಿಲ್ಲ. ಮಗಳ ಯೋಧೆಯ ಕೈಯಲ್ಲಿ ಆಟ ಇಷ್ಟು ಮುಂದೆ ಬರುವ ಹೊತ್ತಿಗೆ ಬೆಂಕಿ ಉಗುಳುವ ಕತ್ತಿ ಇತ್ತಂತೆ. ನಮ್ಮವಳದು ಮೊದಲಿನ ತುಕ್ಕು ಕತ್ತಿಯೇ.

ಇಷ್ಟೆಲ್ಲ ನುಂಗಿಕೊಂಡು ಹಿಂದಿನ ದಿನ ಅಂತೂ ಹೊಳೆಬಾಯಿಯ ಊರಿನ ಬಾಗಿಲಿಗೆ ಬಂದಿದ್ದೆವು. ಬಾಗಿಲ ಪಕ್ಕದ ದೀಪಗಂಬದಲ್ಲಿ ಸೇವ್ ಮಾಡಿ, ಒಳಗೆ ಹೋಗುವುದನ್ನು ಅತ್ತೆ ಬೇಕೆಂದೇ ಬೆಳಗಿಗೆ ಉಳಿಸಿದ್ದರು. ಹೊರಡುವ ದಿನ ಒಳ್ಳೆಯದನ್ನು ನೋಡಿ ಹೋಗಬೇಕೆಂದು.

ದೋಸೆಕಲ್ಲು ಇಳಿಸಿ ಯುಪಿಎಸ್ಸಿನ ಗುಂಡಿ ಒತ್ತಿದೆ. ಪರದೆ ಬೆಳಗಿತು. ದೊಡ್ಡ ಮರದ ಬಾಗಿಲು, ಅದರ ಮುಂದೆ ಈಟಿ ಹಿಡಿದ ಕಾವಲುಗಾರ. ತಾರಿ ಅಜ್ಜಿ ನಮ್ಮ ಪಕ್ಕದಲ್ಲಿ ಬೆನ್ನು ಬಾಗಿಸಿ ನಿಂತಿದ್ದಳು. ಕಾವಲುಗಾರನನ್ನು ಮಾತಾಡಿಸಿದೆ. ಅವನು ಹೇಳಿದ್ದನ್ನು ಅತ್ತೆಗೆ ಹೇಳಿದೆ: "ನಾನು ಇದೇ ಊರಿನವ. ಊರಿನವರ ಗುರುತಿನ ಚಿಪ್ಪಿನ ಸರ ತೋರಿಸದೆ ಯಾರನ್ನೂ ಒಳಗೆ ಬಿಡುವುದಿಲ್ಲ."

"ಪಾಸ್ ಕೇಳ್ತಾನೆ ಅಂತಾಯ್ತು," ಎಂದರು ಅತ್ತೆ.

ಆಮೇಲೆ ಪರದೆಯ ಮೇಲಿನ ಅಜ್ಜಿಯ ಕಡೆ ಬೆರಳು ತೋರಿಸಿದರು.

"ಊರಿನ ಮುದುಕಿ ಎದುರಿಗೇ ನಿಂತದೆ. ಅವ್ಳ ಮುಖ ನೋಡೂಕೆ ಹೇಳು ಅವಂಗೆ. ಚಿಕ್ಕೋನಿದ್ದಾಗ ಅವ್ಳೇ ಎತ್ಕಂಡು ಆಡ್ಸಿರ್ಬಹುದು."

ಹಾಗೆ ಹೇಳಲು ಆಟದಲ್ಲಿ ಜಾಗವಿರಲಿಲ್ಲ. ಮೂರು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಒಂದು ಲಂಚ ಕೊಡುವ ಮಾತು, ಒಂದು ಹೆದರಿಸುವ ಮಾತು, ಒಂದು ಹೊರಡುವ ಮಾತು. ಲಂಚಕ್ಕೆ ಅವನು ಒಲ್ಲೆ ಎಂದ, ಹೆದರಿಸಿದ್ದಕ್ಕೆ ನಕ್ಕ. ಇನ್ನುಳಿದದ್ದು ಹೊರಡುವುದು.

ಚಿಪ್ಪಿನ ಸರ ನಮಗೆ ಗೊತ್ತಿಲ್ಲದ್ದೇನಲ್ಲ. ಹೊಳೆಯ ಮರಳಿನಲ್ಲಿ ಎಂದೋ ಸಿಕ್ಕಿತ್ತು. ಅದರ ಕೆಳಗೆ ಆಟದವರು ಬರೆದದ್ದು ಇಷ್ಟೇ: ಹಳೆಯ ಸರ, ಬೆಲೆ ಇಲ್ಲ. ಬೆಟ್ಟದೂರಿನಲ್ಲಿ ತಾರಿ ಅಜ್ಜಿಗೆ ಹಾವು ಕಚ್ಚಿದಾಗ ಒಬ್ಬ ಮೂಲಿಕೆಯ ಹೆಂಗಸು ಮದ್ದಿನ ಪುಡಿಯನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದಳು. ಡಬ್ಬಿ ವಾಪಸು ತಂದುಕೊಡು ಎಂದಿದ್ದಳು. ತಂದುಕೊಡಲು ಹೋದೆವು. ಆಗಲೇ ಅತ್ತೆ ಅಡ್ಡ ಹಾಕಿದ್ದು.

"ಖಾಲಿ ಡಬ್ಬಿ ಕೊಡ್ತೀಯಾ? ಮನೆ ಮರ್ಯಾದೆ ಏನಾಗೂದು?"

ನಮ್ಮಲ್ಲಿ ಪಕ್ಕದ ಮನೆಯವರು ಬಟ್ಟಲಲ್ಲಿ ಪಾಯಸ ಕಳಿಸಿದರೆ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತೇವೆ. ಯೋಧೆಯ ಚೀಲದಲ್ಲಿ ಸಕ್ಕರೆ ಎಲ್ಲಿಂದ ಬರಬೇಕು? ಮುರುಕು ಚಾಕು, ಇಲಿಯ ಬಾಲ, ಒಂದು ಈರುಳ್ಳಿ ಇತ್ತು. ನೋಡಲು ಚೆಂದವಿದ್ದದ್ದು ಚಿಪ್ಪಿನ ಸರ ಒಂದೇ. ಅದನ್ನು ಡಬ್ಬಿಗೆ ಹಾಕಿ ಕೊಟ್ಟೆವು. ಆಟ ಒಂದು ಮಾತೂ ಆಡಲಿಲ್ಲ. ಇದು ಮುಂದೆ ಬೇಕಾಗುತ್ತದೆ, ಜೋಕೆ ಎಂದು ಒಂದು ಸಾಲು ಬರೆಯಲು ಅವರ ಗಂಟು ಹೋಗುತ್ತಿತ್ತೇ?

"ಬೇಜಾರೆಂತಕೆ? ಅವ್ಳ ಮನೇಲೇ ಅದೆ ಅಲ್ದಾ. ಹೋಗಿ ಕೇಳು, ಕೊಡ್ತಾಳೆ," ಎಂದರು ಅತ್ತೆ.

ಬೆಟ್ಟದೂರಿಗೆ ವಾಪಸು ಹೊರಟೆವು. ದಾರಿ ಕಾಡಿನದು. ತಾರಿ ಅಜ್ಜಿಯ ನಡಿಗೆಯ ವಿಷಯ ಬರೆಯುವಾಗ ನನಗೆ ಈಗಲೂ ಹಲ್ಲು ಕಚ್ಚುವ ಹಾಗಾಗುತ್ತದೆ. ನಮ್ಮ ಯೋಧೆಗೆ ಇರುವುದು ಎರಡೇ ವೇಗ, ನಡಿಗೆ ಮತ್ತು ಓಟ. ಅಜ್ಜಿಯದು ಎರಡರ ನಡುವಿನದು. ನಡೆದರೆ ಅವಳು ನಮ್ಮನ್ನು ದಾಟಿ ಹೋಗಿ ತೋಳದ ಬಾಯಿಗೆ ಬೀಳುತ್ತಾಳೆ. ಓಡಿದರೆ ಹಿಂದೆ ಬಿದ್ದು, ನಾವು ಕಣ್ಮರೆಯಾದ ಕೂಡಲೇ ನಿಂತಲ್ಲೇ ನಿಂತುಬಿಡುತ್ತಾಳೆ. ಹಾಗಾಗಿ ಓಡಬೇಕು, ನಿಲ್ಲಬೇಕು, ತಿರುಗಿ ನೋಡಬೇಕು, ಬಂದಳೆಂದ ಮೇಲೆ ಮತ್ತೆ ಓಡಬೇಕು. ಬೇಲಿ ಸಿಕ್ಕರೆ ಬೇಲಿಗೆ ಮುಖ ಕೊಟ್ಟು ಅಲ್ಲೇ ಕಾಲು ಹಾಕುತ್ತ ಇರುತ್ತಾಳೆ. ಆಗ ಪಕ್ಕದಿಂದ ಹೋಗಿ ಭುಜದಿಂದ ನೂಕಿ ದಾರಿಗೆ ತರಬೇಕು. ಒಂದೊಂದು ಬೇಲಿಗೂ ಇದೇ ಸೇವೆ.

"ಇದ್ನ ಮಾಡಿದೋರು ಮುದುಕೀರನ್ನ ನೋಡ್ಲೇ ಇಲ್ಲ," ಎಂದರು ಅತ್ತೆ. "ಸೊಂಟ ಹಿಡ್ಕಂಡ್ರೆ ಹೆಜ್ಜೆ ಸಣ್ಣ ಆಗ್ತದೆ. ಕಣ್ಣು ಮಂಜಾದ್ರೆ ಕೈ ಮುಂದೆ ಬತ್ತದೆ. ಬೇಲಿಗೆ ಹೋಗಿ ಹಾಯ್ತದ್ಯಾ? ನಂಗೆ ಇಷ್ಟು ಪೊರೆ ಬಂದದೆ, ನಾನು ಎಂದಾದ್ರೂ ಗೋಡೆಗೆ ಹೋಗಿ ಹಾದದ್ದುಂಟಾ?"

ನಮ್ಮ ಮನೆಯವರು ಟವೆಲು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತು ತಮ್ಮ ತಾಯಿಗೆ ಹೇಳಿದರು. "ಆಯೀ, ರೈಲು ನಿನ್ನ ತಾರಿ ಅಜ್ಜಿಗೆ ಕಾಯೂದಿಲ್ಲ ಹಾಂ."

"ನೀ ಮೊದ್ಲು ಮೀಸೆಗೆ ಹತ್ತಿದ ಸಾಬೂನು ಒರ್ಸು," ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ.

ಕಾಡು ಮುಗಿಯುತ್ತ ಬಂತು. ದೂರದಲ್ಲಿ ಬೆಟ್ಟದೂರಿನ ದೀಪಗಂಬದ ಬೆಳಕು ಕಾಣುತ್ತಿತ್ತು. ಆಗ ಮೇಲೆ ಫ್ಯಾನು ನಿಧಾನವಾಯಿತು, ಯುಪಿಎಸ್ಸು ಕಿರುಚತೊಡಗಿತು. ನಮ್ಮ ಯುಪಿಎಸ್ಸಿನ ಬ್ಯಾಟರಿ ಹಳೆಯದು; ಕಿರುಚುವುದಕ್ಕಷ್ಟೇ ಅದರ ಶಕ್ತಿ ಸಾಕಾಗುತ್ತದೆ. ನಾನು ಓಡಿದೆ. ದೀಪಗಂಬ ಮುಟ್ಟಿ ಮಂಡಿಯೂರಿದರೆ ಬೆಳಗಿನ ದುಡಿಮೆ ಉಳಿಯುತ್ತಿತ್ತು.

"ಏ! ಅಜ್ಜಿ ಹಿಂದೆ ಉಳೀತು! ಅವ್ಳನ್ನ ತೋಳಕ್ಕೆ ಬಿಟ್ಟು ಓಡ್ತೀಯಾ?"

ನಾನು ತಿರುಗಿದೆ. ಅಜ್ಜಿ ಒಂದು ಬೇಲಿಗೆ ಮುಖ ಕೊಟ್ಟು ನಡೆಯುತ್ತಿದ್ದಳು. ಅವಳನ್ನು ನೂಕಲು ಹೋಗುವಷ್ಟರಲ್ಲಿ ಪರದೆ ಕಪ್ಪಾಯಿತು.

ಯಾರಿಗೆ ಬೈಯುವುದು? ಕರೆಂಟಿನವರಿಗೆ ಬೈದು ಅಭ್ಯಾಸವಾಗಿದೆ, ಅದರಿಂದ ಸಮಾಧಾನ ಸಿಗುವುದಿಲ್ಲ. ನಾನು ಹೋಗಿ ಶೆಟ್ಲಿ ಸುಲಿಯತೊಡಗಿದೆ. ಬಂಗಡೆ ಬೇಡವೆಂದ ಮೇಲೆ ಅತ್ತೆ ತೆಗೆದುಕೊಂಡದ್ದು ಈ ಸೀಗಡಿಯನ್ನೇ. ತಲೆ ಚಿವುಟಿ ತೆಗೆಯುವಾಗ ಒಂದೊಂದು ತಲೆಯೂ ಆ ಆಟ ಮಾಡಿದವರದೇ ಅನ್ನಿಸುತ್ತಿತ್ತು. ಗಸಿಗೆ ಮಸಾಲೆ ರುಬ್ಬಲು ಮಿಕ್ಸರೂ ಇಲ್ಲ. ಕಲ್ಲಿನಲ್ಲಿ ರುಬ್ಬಿದೆ. ಅತ್ತೆ ಕಂಪ್ಯೂಟರಿನ ಮುಂದಿನ ಸ್ಟೂಲಿನಿಂದ ಏಳಲಿಲ್ಲ. ಕಪ್ಪು ಪರದೆ ನೋಡುತ್ತ ಕೂತಿದ್ದರು.

ಕರೆಂಟು ಬಂದ ಮೇಲೆ ಮತ್ತೆ ಬಾಗಿಲಿನಿಂದ ಶುರು. ಅದೇ ಕಾಡು, ಅದೇ ತೋಳ, ಅದೇ ಬೇಲಿಗಳು. ಈ ಸಲ ಬೆಟ್ಟದೂರು ಮುಟ್ಟಿದೆವು. ದೀಪಗಂಬಕ್ಕೆ ಮಂಡಿಯೂರಿ, ಮೂಲಿಕೆಯ ಹೆಂಗಸಿನ ಮನೆಗೆ ಹೋದೆವು. ಅವಳು ನಮ್ಮನ್ನು ನೋಡಿ, ಮೊದಲ ದಿನ ಹೇಳಿದ್ದನ್ನೇ ಹೇಳಿದಳು: "ಅಪರಿಚಿತರೇ, ದಣಿದ ಹಾಗೆ ಕಾಣುತ್ತೀರಿ." ಸರದ ವಿಷಯ ಕೇಳಲು ದಾರಿಯೇ ಇರಲಿಲ್ಲ. ಮದ್ದು ಬೇಕೆನ್ನಬಹುದು, ಬೇಡವೆನ್ನಬಹುದು, ಅಷ್ಟೇ.

ಡಬ್ಬಿ ಮೂಲೆಯಲ್ಲಿತ್ತು. ನಾನು ಅತ್ತೆಯ ಮುಖ ನೋಡಿದೆ.

"ತೆಗಿ," ಎಂದರು. "ನಾವೇ ಇಟ್ಟದ್ದು."

ಡಬ್ಬಿ ಖಾಲಿ.

"ಕೊಟ್ಟದ್ದನ್ನ ನುಂಗ್ಕಂಡು ಗುರ್ತೇ ಇಲ್ಲ ಅಂತಾಳಲ್ಲ!" ಅತ್ತೆಗೆ ಆ ಹೆಂಗಸಿನ ಮೇಲೆ ಬಂದ ಸಿಟ್ಟು ಕಂಡು ನನಗೆ ಅಳು ಬಂದ ಹಾಗಾಯಿತು. "ಮದ್ದು ಕೊಟ್ಟ ಕೈ ಅಂತ ನಾವು ಚೆಂದದ್ದು ನೋಡಿ ಕೊಟ್ರೆ!"

ಹಾಸ್ಟೆಲ್ಲಿಗೆ ಫೋನು ಮಾಡಿದೆ. ಮಗಳು ಪರೀಕ್ಷೆಗೆ ಓದುತ್ತಿದ್ದಳು; ಆದರೂ ಇಂಟರ್‌ನೆಟ್ಟಿನಲ್ಲಿ ನೋಡಿ ಮತ್ತೆ ಮಾಡುತ್ತೇನೆಂದಳು. ಅನ್ನ ಬಸಿಯುವಾಗ ಅವಳ ಫೋನು ಬಂತು.

"ಆಯೀ, ಮನೆಗಳೊಳಗಿನ ಡಬ್ಬಿಯಲ್ಲಿ ಏನಿಟ್ರೂ ಸ್ವಲ್ಪ ದಿನಕ್ಕೆ ಆಟ ಅದನ್ನ ಖಾಲಿ ಮಾಡ್ತದಂತೆ. ಅದು ತಪ್ಪಲ್ಲ, ಹಾಗೇ ಮಾಡಿದ್ದು ಅಂತ ಆಟದವ್ರೇ ಬರ್ದಿದ್ದಾರೆ."

"ತಪ್ಪಲ್ಲ?"

"ಡಬ್ಬಿಗೆ ಯಾರೂ ಏನೂ ಹಾಕೂದಿಲ್ಲ ಆಯೀ. ಎಲ್ರೂ ತೆಗೆಯೂದು. ನೀವಿಬ್ರೇ ಹಾಕಿದ್ದು."

"ಬೇರೆ ದಾರಿ?"

"ಕಾವಲುಗಾರನ ಕೊಂದ್ರೆ ಬಾಗಿಲು ತೆರೀತದೆ. ಎಲ್ರೂ ಅದನ್ನೇ ಮಾಡೂದು. ಇಲ್ಲಾಂದ್ರೆ ಹಳೇ ಸೇವ್ ಹಾಕಿ ಮತ್ತೆ ಮೊದ್ಲಿಂದ ಆಡ್ಬೇಕು."

ನನ್ನ ಬಳಿ ಇದ್ದ ಹಳೆಯ ಸೇವ್ ಎಂದರೆ ಹೊಳೆ ದಾಟುವುದಕ್ಕೂ ಮೊದಲಿನದು. ಅಂದರೆ ಚಳಿಗಾಲ, ಬೇಸಿಗೆ ಎರಡರ ದುಡಿಮೆಯೂ ಹೋದ ಹಾಗೆ.

ನಾನು ಎರಡು ಸಲ ಯೋಚಿಸಲಿಲ್ಲ. ಬಾಗಿಲಿನ ಸೇವ್ ಹಾಕಿ ಕಾವಲುಗಾರನ ಎದುರು ನಿಂತೆ. ತುಕ್ಕು ಕತ್ತಿ ಹಿರಿದೆ. ಒಂದು ಗೊಂಬೆಯ ಮೇಲೆ ಇಷ್ಟು ಸಿಟ್ಟು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಅತ್ತೆಗೆ ಮಗಳು ಹೇಳಿದ್ದನ್ನು ಹೇಳಿದೆ. ಗಡಿಯಾರ ನೋಡಿದೆ. ಇವನನ್ನು ಬೀಳಿಸಿದರೆ ಊಟಕ್ಕೆ ಮೊದಲು ಅಜ್ಜಿ ಒಳಗೆ.

"ಕೊಲ್ಲೂದಾ?" ಎಂದರು ಅತ್ತೆ.

"ಬೇರೆ ದಾರಿ ಇಲ್ಲ ಅತ್ತೆ. ಎಲ್ರೂ ಹಾಗೇ ಮಾಡೂದಂತೆ."

ಅತ್ತೆ ಪರದೆಗೆ ಇನ್ನಷ್ಟು ಹತ್ತಿರ ಬಂದರು. ಅವರ ಉಸಿರಿಗೆ ಗಾಜು ಮಂಜಾಗಿ ಆರಿತು.

"ಬೇಡ ಮಗಾ. 'ಇದೇ ಊರಿನವ' ಅಂತ ಅವನೇ ಹೇಳಿದ್ದಾನೆ. ಅವ್ನ ಆಯಿ ಒಳಗೆ ಇರ್ಬಹುದು. ನಾಳೆ ಬೆಳಿಗ್ಗೆ ತಾರಿ ಅಜ್ಜಿ ಬಾವಿಗೆ ನೀರಿಗೆ ಹೋಗ್ಬೇಕಲ್ಲ, ಆ ಹೆಂಗ್ಸೂ ಕೊಡ ತಕಂಡು ಬತ್ತದೆ. ಹ್ಯಾಂಗೆ ನಿಲ್ತಾಳೆ ಅಲ್ಲಿ?"

ಮೌಸಿನ ಮೇಲೆ ನನ್ನ ಬೆರಳಿತ್ತು. ಒತ್ತಬಹುದಿತ್ತು. ಕೊಟ್ಟ ಮಾತು ಉಳಿಯುತ್ತಿತ್ತು, ಅತ್ತೆ ನೋಡಬೇಕೆಂದದ್ದನ್ನು ನೋಡಿಯೇ ಹೋಗುತ್ತಿದ್ದರು. ನಾನು ಕತ್ತಿಯನ್ನು ಒರೆಗೆ ಹಾಕಿದೆ. ಕಾವಲುಗಾರ ಏನೂ ಆಗದವನ ಹಾಗೆ, "ಚಿಪ್ಪಿನ ಸರ ತೋರಿಸು" ಎಂದ.

"ಹಳೇದು ಹಾಕಿದ್ರೆ," ಅತ್ತೆ ಕೇಳಿದರು, "ಅಜ್ಜಿಗೆ ನಮ್ಮ ಗುರ್ತು ಇರ್ತದ್ಯಾ?"

"ಇಲ್ಲ ಅತ್ತೆ. ಮತ್ತೆ ಹೊಸದಾಗಿ ಗುರ್ತಾಗ್ಬೇಕು."

"ಹಾವು ಕಚ್ಚಿದ್ದು?"

"ಮತ್ತೆ ಕಚ್ತದೆ."

ಅವರು ಸ್ಟೂಲಿನಿಂದ ಎದ್ದು ಊಟಕ್ಕೆ ಕೂತರು. ಶೆಟ್ಲಿ ಗಸಿಗೆ ಉಪ್ಪು ಕಡಿಮೆಯಾಗಿತ್ತು. ಅತ್ತೆ ಒಂದು ಚಿಟಿಕೆ ಹಾಕಿಕೊಂಡು ಕಲಸಿದರು.

ರಿಕ್ಷಾದಲ್ಲಿ, ಸ್ಟೇಷನ್ನಿನಲ್ಲಿ ಅತ್ತೆ ಎಲ್ಲದರ ಬಗ್ಗೆ ಮಾತಾಡಿದರು. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವುದು, ಮಳೆ ಬರುವ ಮೊದಲು ಹೆಂಚು ಸರಿ ಮಾಡಿಸುವುದು, ಒಣಮೀನಿನ ಚೀಲವನ್ನು ಎದುರು ಸೀಟಿನವರ ಕಾಲ ಕೆಳಗೆ ತಳ್ಳುವುದು. ತಾರಿ ಅಜ್ಜಿಯ ಸುದ್ದಿ ಎತ್ತಲಿಲ್ಲ. ರೈಲು ಹೊರಟಾಗ ಕಿಟಕಿಯಿಂದ ಕೈ ಬೀಸಿದ್ದು ನನ್ನ ಕಡೆಗಲ್ಲ, ಒಂದು ಕಂಬದ ಕಡೆಗೆ. ಕಣ್ಣಿಗೆ ಅಷ್ಟೇ ಕಾಣುತ್ತದೆ. ಮುದುಕಿಯನ್ನು ಅವರು ಬಿಟ್ಟುಕೊಟ್ಟರು, ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಹಾಗೆಂದುಕೊಂಡದ್ದೇ ಸಿಟ್ಟು ಇಮ್ಮಡಿಯಾಯಿತು.

ಮನೆಗೆ ಹೋಗುವ ಬದಲು ಪೇಟೆಯ ಇಂಟರ್‌ನೆಟ್ ಅಂಗಡಿಯಲ್ಲಿ ಇಳಿದೆ. ಸಿ.ಡಿ.ಯ ಕವರಿನ ಮೇಲೆ ಆಟದವರ ಇ-ಮೇಲ್ ವಿಳಾಸವಿದ್ದದ್ದು ನೆನಪಿತ್ತು. ಸಿಸ್ಟರುಗಳು ಕಲಿಸಿದ ಹಾಗೆ "ಮಾನ್ಯರೇ" ಎಂದು ಶುರು ಮಾಡಿದೆ. ನಿಮ್ಮ ಆಟದ ಚಿತ್ರಗಳು ಸುಂದರವಾಗಿವೆ ಎಂದು ಒಂದು ಸಾಲು ಬರೆದು, ಆಮೇಲೆ ಅದನ್ನು ಅಳಿಸಿದೆ. ನಿಮ್ಮ ಹೊಳೆಗೆ ಭರತವೂ ಇಲ್ಲ, ಇಳಿತವೂ ಇಲ್ಲ ಎಂದು ಬರೆದೆ. ನಿಮ್ಮ ಮೀನುಗಾರರ ಊರಿನಲ್ಲಿ ಒಂದು ಬಲೆಯನ್ನೂ ಒಣಹಾಕಿಲ್ಲ. ಬೇಕೆಂದಲ್ಲಿ ಸೇವ್ ಮಾಡಲು ಕೊಡಿ, ಕರೆಂಟು ಹೋಗುವ ಊರುಗಳಲ್ಲೂ ಜನ ಇದ್ದಾರೆ. ಮಾತನ್ನು ನಿಲ್ಲಿಸುವ ಒಂದು ಗುಂಡಿ ಕೊಡಿ, ಒಲೆಯ ಮೇಲೆ ಹಾಲಿಟ್ಟು ಬಂದವರೂ ಆಡುತ್ತಾರೆ. ಮುದುಕಿಯ ಜೊತೆ ಮುದುಕಿಯ ಹೆಜ್ಜೆಯಲ್ಲೇ ನಡೆಯಲು ಬಿಡಿ. ಬೇರೆಯವರ ಮನೆಯಿಂದ ತೆಗೆಯುವವರಿಗೆ ಇಷ್ಟೊಂದು ಸೌಕರ್ಯ ಮಾಡಿದ್ದೀರಿ. ಇಡುವವರೂ ಇರಬಹುದೆಂದು ನಿಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಇಟ್ಟದ್ದನ್ನು ಕಸದಂತೆ ಗುಡಿಸಿ ಹಾಕುವುದು ತಪ್ಪಲ್ಲ ಎನ್ನುತ್ತೀರಲ್ಲ, ಯಾವ ಮನೆಯಲ್ಲಿ ಬೆಳೆದಿರಿ ನೀವು?

ಕಡೆಯ ಸಾಲು ಬರೆಯುವಾಗ ಕೀಲಿಗಳ ಸದ್ದಿಗೆ ಪಕ್ಕದ ಕುರ್ಚಿಯವರು ತಿರುಗಿ ನೋಡಿದರು. ಉಳಿದದ್ದೆಲ್ಲ ಆಗದಿದ್ದರೆ ಬಿಡಿ, ಆ ಕಾವಲುಗಾರ ಒಮ್ಮೆ ಆ ಮುದುಕಿಯ ಮುಖ ನೋಡುವ ಹಾಗೆ ಮಾಡಿ ಎಂದು ಬರೆದೆ. ಕಳಿಸಿದೆ. ಉತ್ತರ ಬರುತ್ತದೆಂಬ ಭ್ರಮೆ ನನಗಿರಲಿಲ್ಲ, ಬರಲೂ ಇಲ್ಲ.

ಮನೆಗೆ ಬಂದಾಗ ಕಂಪ್ಯೂಟರು ಇನ್ನೂ ಉರಿಯುತ್ತಿತ್ತು. ಹೊರಡುವ ಗಡಿಬಿಡಿಯಲ್ಲಿ ಆರಿಸಿರಲಿಲ್ಲ. ಬಾಗಿಲ ಮುಂದೆ ಕಾವಲುಗಾರ, ಅವನೆದುರು ತಾರಿ ಅಜ್ಜಿ. ಇಬ್ಬರೂ ಉಸಿರಾಡುವ ಹಾಗೆ ಮೆಲ್ಲಗೆ ಏಳುತ್ತ ಇಳಿಯುತ್ತ ಇದ್ದರು. ನಾನು ಆಟ ಮುಚ್ಚಿ, ಸಿ.ಡಿ. ತೆಗೆದು ಕವರಿಗೆ ಹಾಕಿ, ಕಪಾಟಿನ ಮೇಲೆ, ನನ್ನ ಕೈಗೂ ಎಟುಕದ ಹಾಗೆ ಹಿಂದಕ್ಕೆ ತಳ್ಳಿದೆ. ಇನ್ನು ಈ ಮನೆಯಲ್ಲಿ ಆ ಆಟ ಇಲ್ಲ. ಮತ್ತೆ ಮೊದಲಿಂದ ಹೊಳೆ ದಾಟಿ, ಮತ್ತೆ ಹಾವು ಕಚ್ಚಿಸಿಕೊಂಡು, ಆ ಬೇಲಿಗಳಿಗೆಲ್ಲ ಮತ್ತೆ ಹೆಗಲು ಕೊಡಲು ನನಗೇನು ಬೇರೆ ಕೆಲಸವಿಲ್ಲವೇ?

ಸ್ಟೂಲನ್ನು ಅಡುಗೆಮನೆಗೆ ಒಯ್ದಿಟ್ಟು, ಒಣಗಿದ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದೆ. ಕಡಲ ಕಡೆ ಆಕಾಶ ಕೆಂಪಾಗಿ, ಕೆಳಗೆ ಮೋಡ ಕಟ್ಟುತ್ತಿತ್ತು. ಪಕ್ಕದ ಮನೆಯ ವೈನಿ, ನಾವಿಬ್ಬರೂ ಒಬ್ಬರನ್ನೊಬ್ಬರು ಅತ್ತಿಗೆಯೆಂದು ಹಾಗೇ ಕರೆಯುವುದು, ತಮ್ಮ ಅಂಗಳದಲ್ಲಿ ಒಣಹಾಕಿದ ಮೆಣಸನ್ನು ಮೊರಕ್ಕೆ ತುಂಬುತ್ತಿದ್ದರು. ನನ್ನನ್ನು ನೋಡಿ, ಕೈಯ ಕೆಲಸ ನಿಲ್ಲಿಸದೆಯೇ ಗೋಡೆಯಾಚೆಯಿಂದ ಕೇಳಿದರು.

"ಏ ವೈನಿ, ಯಾರೋ ತಾರಿ ಅಜ್ಜಿ ಪಾಪ ಬಾಗಿಲಲ್ಲೇ ನಿಂತದೆ, ನಮ್ಮ ಸೊಸೆ ಅವ್ಳನ್ನ ಮನೆ ಮುಟ್ಸಿ ಬತ್ತಾಳೆ, ಅಲ್ಲೀವರೆಗೆ ನಮ್ಮನೆ ಕಡೆ ಒಂದ್ ಕಣ್ಣಿಡಿ ಅಂತ ನಿಮ್ಮತ್ತೆ ಹೇಳಿ ಹೋಗಿದ್ರು. ಕತ್ಲಾಗ್ತಾ ಬಂತಲ್ರೀ, ಇನ್ನೂ ಹೊರಡ್ಲೇ ಇಲ್ವಾ ನೀವು?"